ಪಲ್ಲಡದ ಒಣಹೊಲ ಮತ್ತು ಮಣ್ಣಿನ ಸಾರದ ಚರಿತ್ರೆ

ಚರಿತ್ರೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಅರಸರು, ಕಾಳಗಗಳು, ಶಾಸನಗಳು. ಆ ಅರಸರಿಗೆ ಕಂದಾಯವನ್ನೂ ಆ ದಂಡಿಗೆ ಕೂಳನ್ನೂ ಒದಗಿಸಿದ ಮಣ್ಣಿಗೂ ಒಂದು ಚರಿತ್ರೆಯುಂಟು. ಅದು ಕಲ್ಲಿನ ಮೇಲಾಗಲಿ ತಾಮ್ರಪಟದ ಮೇಲಾಗಲಿ ಬರೆದುದಲ್ಲ; ಮಣ್ಣಿನೊಳಗೇ ಅಡಗಿರುವ ಕಪ್ಪು ಸಾರದ ಹೆಚ್ಚುಕಡಮೆಯಲ್ಲಿ ಅದನ್ನು ಓದಬೇಕು. ನಮ್ಮ ಪಲ್ಲಡದ ಸುತ್ತಣ ಮಳೆಯಾಶ್ರಿತ ಹೊಲಗಳನ್ನು ಮುಂದಿಟ್ಟುಕೊಂಡು ಆ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ಈ ಕಪ್ಪು ಸಾರವೆಂದರೆ ಏನೆಂಬುದನ್ನು ತಿಳಿಯೋಣ. ಪೈರು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ, ಸೂರ್ಯನ ಬೆಳಕಿನ ಬಲದಿಂದ ತನ್ನ ಮೈಯನ್ನು ಕಟ್ಟಿಕೊಳ್ಳುತ್ತದೆ. ಅದರ ಬೇರು, ಕೂಳೆ, ಉದುರಿದ ಎಲೆ, ಅದನ್ನು ಮೇದ ದನದ ಸಗಣಿ, ಇವೆಲ್ಲ ಮಣ್ಣಿಗೆ ಸೇರಿದಾಗ ಕಣ್ಣಿಗೆ ಕಾಣದ ಜೀವಾಣುಗಳು ಅವುಗಳನ್ನು ತಿಂದು ಜೀರ್ಣಿಸುತ್ತವೆ. ಹೀಗೆ ಸೇರಿದ ಇಂಗಾಲದ ಬಹುಭಾಗ ಮತ್ತೆ ಗಾಳಿಗೇ ಹೋಗುತ್ತದೆ. ಸಾಮಾನ್ಯವಾಗಿ ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಮಣ್ಣಿನ ಕಣಗಳಿಗೆ ಅಂಟಿಕೊಂಡು ಬಹುಕಾಲ ಉಳಿಯುತ್ತದೆ. ಆ ಉಳಿಕೆಯೇ ಹ್ಯೂಮಸ್ ಎಂಬ ಸಾರ. ಮಣ್ಣಿಗೆ ಕಪ್ಪು ಛಾಯೆ ಕೊಡುವುದು, ಮಳೆಯ ನೀರನ್ನು ಹಿಡಿದಿಡುವುದು, ಪೈರಿಗೆ ಸ್ವಲ್ಪಸ್ವಲ್ಪವಾಗಿ ಅನ್ನವನ್ನು ಬಡಿಸುವುದು ಇದರ ಕೆಲಸ. ಭೂಮಿಯ ಮೇಲಣ ಒಂದು ಮೀಟರು ಆಳದ ಮಣ್ಣಿನಲ್ಲಿ ಸುಮಾರು ೧,೫೦,೦೦೦ ಕೋಟಿ ಟನ್ನು ಸಾವಯವ ಇಂಗಾಲವಿದೆಯೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಇದು ಇಡೀ ವಾಯುಮಂಡಲದಲ್ಲಿರುವ ಇಂಗಾಲಕ್ಕಿಂತ ಬಹಳ ಹೆಚ್ಚು. ಆದಕಾರಣ ಮಣ್ಣಿನಿಂದ ಇಂಗಾಲ ಹೊರಬಿದ್ದರೆ ಲೋಕದ ಹವೆಗೇ ತೊಂದರೆ. ಮಣ್ಣಿಗೆ ಮರಳಿದರೆ ಲೋಕಕ್ಕೂ ರೈತನಿಗೂ ಲಾಭ.

ನಮ್ಮ ನಾಡು ಈ ವಿಷಯದಲ್ಲಿ ಬಡನಾಡು. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ಪಲ್ಲಡದ ಬಯಲಿನ ಮೇಲೆ ಬೀಸುತ್ತದೆ. ಇಂದು ಗಾಳಿಯಂತ್ರಗಳನ್ನು ತಿರುಗಿಸುವುದೂ ಆ ಗಾಳಿಯೇ. ಕೊಯಮತ್ತೂರಿನ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು ೬೦೦ರಿಂದ ೭೦೦ ಮಿಲಿಮೀಟರು. ಅದರಲ್ಲಿ ದೊಡ್ಡ ಪಾಲು ಹಿಂಗಾರಿನದು. ಪರಂಬಿಕುಳಂ-ಆಳಿಯಾರ್ ಯೋಜನೆಯ ಕಾಲುವೆ ಕೆಲವು ಭಾಗಗಳಿಗೆ ನೀರುಣಿಸಿದರೂ ಉಳಿದ ಹೊಲಗಳು ಮುಗಿಲನ್ನೇ ನಂಬಿವೆ. ಬಿಸಿಲಿನ ತಾಪದಲ್ಲಿ ಜೀವಾಣುಗಳು ಸಾರವನ್ನು ಬೇಗ ಕರಗಿಸುತ್ತವೆ. ಮಳೆಯ ಅಭಾವದಲ್ಲಿ ಪೈರು ಕಡಮೆ ಬೆಳೆಯುವುದರಿಂದ ಹೊಸ ಸಾರ ಸೇರುವುದೂ ಕಡಮೆ. ವೆಚ್ಚ ಹೆಚ್ಚು, ಆದಾಯ ಕಡಮೆ. ಭಾರತದ ಮಳೆಯಾಶ್ರಿತ ಹೊಲಗಳಲ್ಲಿ ಬಹುಪಾಲಿನವು ನೂರಕ್ಕೆ ಅರ್ಧ ಭಾಗಕ್ಕಿಂತಲೂ ಕಡಮೆ ಸಾವಯವ ಇಂಗಾಲವನ್ನು ಹೊಂದಿರುವುದು ಈ ಕಾರಣದಿಂದಲೇ. ನಮ್ಮ ಕಡೆಯ ಮಣ್ಣಿನಲ್ಲಿ ಬಿಳಿಯ ಸುಣ್ಣಕಲ್ಲಿನ ಹರಳುಗಳು ಧಾರಾಳವಾಗಿ ಸಿಕ್ಕುತ್ತವೆ. ಅವುಗಳಲ್ಲಿಯೂ ಇಂಗಾಲವುಂಟು; ಆದರೆ ಅದು ಕಲ್ಲಿನ ಇಂಗಾಲ, ಪೈರಿಗೆ ಅನ್ನವಾಗತಕ್ಕುದಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸಬಾರದು.

ಹಿಂದಿನ ಕಾಲದ ಕೊಂಗುನಾಡಿನ ರೈತರು ಈ ಬಡತನವನ್ನು ಹೇಗೆ ನಿಭಾಯಿಸಿದರು? ಅವರ ಉಪಾಯಗಳು ಮೂರು. ಮೊದಲನೆಯದು ತಮಿಳಿನಲ್ಲಿ ‘ಕೊರಂಗಾಡು’ ಎಂದು ಕರೆಯುವ ಮೇವಿನ ಹೊಲ. ಕಾಂಗೇಯಂ, ಧಾರಾಪುರಂ, ಪಲ್ಲಡಂ ಕಡೆಗಳಲ್ಲಿ ಮುಳ್ಳುಕಿಳುವೆಯ ಜೀವಂತ ಬೇಲಿ ಕಟ್ಟಿ, ಒಳಗೆ ಕೊಳುಕಟ್ಟೆ ಹುಲ್ಲನ್ನೂ ಅಲ್ಲಲ್ಲಿ ಬಿಳಿಜಾಲಿಯ ಮರಗಳನ್ನೂ ಬೆಳೆಸಿ, ದನಕುರಿಗಳನ್ನು ಮೇಯಿಸುತ್ತಿದ್ದರು. ನೇಗಿಲು ತಾಗದ ಆ ನೆಲದಲ್ಲಿ ಹುಲ್ಲಿನ ಬೇರು ವರ್ಷವಿಡೀ ಸಾರವನ್ನು ಕೂಡಿಡುತ್ತಿತ್ತು. ಪ್ರಸಿದ್ಧವಾದ ಕಾಂಗೇಯಂ ತಳಿಯ ಎತ್ತುಗಳು ಬೆಳೆದುದು ಇಂತಹ ಹೊಲಗಳಲ್ಲಿಯೇ. ಎರಡನೆಯದು ಕುರಿಮಂದೆಯನ್ನು ಹೊಲದಲ್ಲಿ ತಂಗಿಸುವ ಪದ್ಧತಿ. ಒಂದು ರಾತ್ರಿ ಮಂದೆ ನಿಂತರೆ ಹಿಕ್ಕೆ, ಗಂಜಲ ಎರಡೂ ನೇರವಾಗಿ ಮಣ್ಣಿಗೆ ಸೇರುತ್ತಿದ್ದುವು. ಮೂರನೆಯದು ಹತ್ತಿಯ ಬೀಜವನ್ನು ಎತ್ತಿಗೆ ಉಣಿಸುವ ರೂಢಿ. ಇದರಲ್ಲಿ ಒಂದು ಸೂಕ್ಷ್ಮವಿದೆ. ಹತ್ತಿಯ ಎಳೆಯಲ್ಲಿ ಇರುವುದು ಬಹುತೇಕ ಗಾಳಿಯಿಂದ ಬಂದ ಇಂಗಾಲವೇ. ಮಣ್ಣಿನಿಂದ ಎತ್ತಿದ ಸಾರಜನಕ, ರಂಜಕಗಳು ಕೂಡಿರುವುದು ಬೀಜದಲ್ಲಿ. ಎಳೆಯನ್ನು ಮಾರಿ ಬೀಜವನ್ನು ದನಕ್ಕಿಟ್ಟು ಸಗಣಿಯನ್ನು ಹೊಲಕ್ಕೆ ಮರಳಿಸಿದ ರೈತನು ಮಣ್ಣಿನ ಬಂಡವಾಳವನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ಮಾರಿದಂತಾಯಿತು.

ಇದೇ ಸಂಪ್ರದಾಯ ಗಡಿಯ ಆಚೆಗಿನ ಕನ್ನಡ ಸೀಮೆಯದೂ ಆಗಿದ್ದಿತು. ೧೯೫೬ರ ನವೆಂಬರ್ ೧ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿದ್ದುದನ್ನು ಓದುಗರು ಬಲ್ಲರು. ಇಂದಿಗೂ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಒಕ್ಕಲಿಗ, ಕುರುಬ, ದೇವಾಂಗ ಮನೆತನಗಳಿವೆ. ರಾಗಿಯ ಹೊಲಕ್ಕೆ ತಿಪ್ಪೆಯ ಗೊಬ್ಬರ ಹೊಡೆಯುವುದು, ಸಾಲಿನ ನಡುವೆ ಅವರೆ, ತೊಗರಿಗಳನ್ನು ಅಕ್ಕಡಿಯಾಗಿ ಬಿತ್ತುವುದು ಇಂತಹವು ನಮ್ಮ ಜನಕ್ಕೆ ಹೇಳಿಕೊಡಬೇಕಾದ ವಿದ್ಯೆಗಳಾಗಿರಲಿಲ್ಲ.

ಹಾಗೆಂದು ಹಿಂದಿನದೆಲ್ಲ ಸುವರ್ಣಯುಗವೆಂದು ಹೇಳುವುದು ಚರಿತ್ರೆಗೆ ಅಪಚಾರ. ಇಂಗ್ಲೆಂಡಿನ ರಾಯಲ್ ವ್ಯವಸಾಯ ಸಂಘದ ರಸಾಯನಶಾಸ್ತ್ರಜ್ಞ ಜಾನ್ ಆಗಸ್ಟಸ್ ವೋಲ್ಕರ್ ೧೮೮೯ರ ಕೊನೆಯಲ್ಲಿ ಭಾರತಕ್ಕೆ ಬಂದು ದೇಶವೆಲ್ಲ ಸುತ್ತಿ, ೧೮೯೩ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದನು. ನಮ್ಮ ರೈತರ ಜಾಣ್ಮೆಯನ್ನು ಆತನು ಮನಸಾರೆ ಹೊಗಳಿದನು. ಆದರೆ ಸೌದೆಯ ಅಭಾವದಿಂದ ಸಗಣಿ ಬೆರಣಿಯಾಗಿ ಒಲೆಗೆ ಹೋಗುತ್ತಿರುವುದನ್ನು ಕಂಡು ಮರುಗಿದನು. ಸಗಣಿಯನ್ನು ಉಳಿಸಬೇಕಾದರೆ ಮೊದಲು ಹಳ್ಳಿಗೆ ಸೌದೆಯನ್ನು ಒದಗಿಸಬೇಕೆಂಬುದು ಆತನ ಸಲಹೆ. ಬಡವನಿಗೆ ಬರಿಯ ಬುದ್ಧಿವಾದ ಹೇಳದೆ ಅವನ ಒಲೆಯ ಕಷ್ಟವನ್ನು ಗಮನಿಸಿದ ಈ ಮಾತು ಇಂದಿಗೂ ಮನನೀಯವಾಗಿದೆ.

ಅಭಿಪ್ರಾಯಗಳ ಕಾಲ ಕಳೆದು ಪ್ರಯೋಗಗಳ ಕಾಲ ಅಷ್ಟರಲ್ಲಿ ಬಂದಿತ್ತು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬ ಇಬ್ಬರು ೧೮೪೩ರಲ್ಲಿ ಒಂದೇ ಹೊಲವನ್ನು ತಾಕುಗಳಾಗಿ ವಿಂಗಡಿಸಿ, ಒಂದಕ್ಕೆ ಸಗಣಿ ಗೊಬ್ಬರ, ಒಂದಕ್ಕೆ ಲವಣಗಳು, ಒಂದಕ್ಕೆ ಏನೂ ಇಲ್ಲ, ಎಂಬ ಕ್ರಮದಲ್ಲಿ ವರ್ಷವರ್ಷವೂ ಬೆಳೆ ತೆಗೆಯುವ ಪರೀಕ್ಷೆಯನ್ನು ಆರಂಭಿಸಿದರು. ಅದು ಇಂದಿಗೂ ನಡೆದಿದೆ. ಅಲ್ಲಿಯ ಬಾರ್ಲಿಯ ತಾಕೊಂದಕ್ಕೆ ೧೮೫೨ರಿಂದ ೧೮೭೧ರವರೆಗೆ ಮಾತ್ರ ಸಗಣಿ ಗೊಬ್ಬರ ಕೊಟ್ಟು ನಿಲ್ಲಿಸಲಾಯಿತು. ನೂರು ವರ್ಷಗಳು ಕಳೆದ ಮೇಲೆಯೂ ಆ ಮಣ್ಣಿನಲ್ಲಿ ಗೊಬ್ಬರ ಕಾಣದ ನೆರೆಯ ತಾಕಿಗಿಂತ ಹೆಚ್ಚು ಇಂಗಾಲ ಉಳಿದಿತ್ತು. ಅಜ್ಜ ಹಾಕಿದ ಗೊಬ್ಬರ ಮೊಮ್ಮಗನ ಕಾಲಕ್ಕೂ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅದು ತಂಪುನಾಡು, ನಮ್ಮ ಬಿಸಿಲಿನಲ್ಲಿ ಸಾರ ಇನ್ನೂ ಬೇಗ ಕರಗುತ್ತದೆಂಬುದನ್ನು ಮಾತ್ರ ಮರೆಯಬಾರದು.

ಆ ಪರೀಕ್ಷೆಯ ಮಾದರಿ ನಮ್ಮ ನೆರೆಗೇ ಬಂದಿತು. ಮದರಾಸಿನ ಸೈದಾಪೇಟೆಯಲ್ಲಿದ್ದ ವ್ಯವಸಾಯ ಶಾಲೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕೊಯಮತ್ತೂರಿಗೆ ವರ್ಗವಾಗಿ ಕಾಲೇಜಾಯಿತು. ೧೯೭೧ರಲ್ಲಿ ತಮಿಳುನಾಡು ವ್ಯವಸಾಯ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಅಲ್ಲಿ ೧೯೦೯ರಲ್ಲಿ ಮಳೆಯಾಶ್ರಿತ ಕೆಮ್ಮಣ್ಣಿನ ಹೊಲದಲ್ಲಿ ಶಾಶ್ವತ ಗೊಬ್ಬರ ಪರೀಕ್ಷೆಯನ್ನು ಹೂಡಿದರು. ೧೯೨೫ರಲ್ಲಿ ನೀರಾವರಿಯ ಹೊಲದಲ್ಲಿ ಎರಡನೆಯದನ್ನು ಆರಂಭಿಸಿದರು. ಭಾರತದಲ್ಲಿ ಇದಕ್ಕಿಂತ ಹಳೆಯವು ಕಾನ್ಪುರದ ಮತ್ತು ಪೂಸಾದ ಪರೀಕ್ಷೆಗಳು ಮಾತ್ರ. ಪಲ್ಲಡದಿಂದ ಒಂದೆರಡು ತಾಸಿನ ದಾರಿಯಲ್ಲಿ ಶತಮಾನಕ್ಕೂ ಮೀರಿದ ಇಂತಹ ದಾಖಲೆಯಿರುವುದು ನಮ್ಮ ಭಾಗ್ಯವೆಂದೇ ಹೇಳಬೇಕು.

ಆ ತಾಕುಗಳು ಕಲಿಸಿದ ಪಾಠವೇನು? ಏನನ್ನೂ ಪಡೆಯದ ತಾಕಿನಲ್ಲಿ ಇಳುವರಿಯೂ ಸಾವಯವ ಇಂಗಾಲವೂ ಎಲ್ಲಕ್ಕಿಂತ ಕೆಳಗೆ ಇಳಿದುವು. ದನದ ಗೊಬ್ಬರ ಪಡೆದ ತಾಕಿನಲ್ಲಿ ಇಂಗಾಲ ಎಲ್ಲಕ್ಕಿಂತ ಮೇಲೆ ನಿಂತಿತು. ಸಾರಜನಕ, ರಂಜಕ, ಪೊಟಾಷ್ ಮೂರನ್ನೂ ಸಮತೂಕವಾಗಿ ಪಡೆದ ತಾಕು ಇವೆರಡರ ನಡುವೆ ಇದ್ದಿತು. ಇದು ಗಮನಾರ್ಹ. ಅಂಗಡಿಯ ಗೊಬ್ಬರದಲ್ಲಿ ಇಂಗಾಲ ಹೇಳಿಕೊಳ್ಳುವಷ್ಟಿಲ್ಲ. ಆದರೂ ಆ ತಾಕಿನ ಮಣ್ಣು ಬರಿದಾದ ತಾಕಿಗಿಂತ ಹೆಚ್ಚು ಇಂಗಾಲವನ್ನು ಉಳಿಸಿಕೊಂಡಿತು. ಹೊಟ್ಟೆ ತುಂಬಿದ ಪೈರು ಹೆಚ್ಚು ಬೇರು ಬಿಟ್ಟು ಹೆಚ್ಚು ಕೂಳೆಯನ್ನು ಉಳಿಸುವುದೇ ಇದಕ್ಕೆ ಕಾರಣ. ಒಂದೇ ಪೋಷಕಾಂಶವನ್ನು ಕೊಟ್ಟು ಉಳಿದುವನ್ನು ಮರೆತ ತಾಕುಗಳಲ್ಲಿ ಈ ಲಾಭ ದೊರೆಯಲಿಲ್ಲ. ಜರ್ಮನಿಯ ಲೀಬಿಗ್ ೧೯ನೆಯ ಶತಮಾನದ ನಡುವಿನಲ್ಲಿ ಪ್ರಸಿದ್ಧಿಗೆ ತಂದ ನಿಯಮವೂ ಇದೇ: ಎಲ್ಲಕ್ಕಿಂತ ಕೊರತೆಯಾಗಿರುವ ಅಂಶವೇ ಬೆಳೆಯ ಅಳತೆಯನ್ನು ಗೊತ್ತುಮಾಡುತ್ತದೆ.

ಕನ್ನಡನಾಡಿನಲ್ಲಿಯೂ ಇಂತಹ ಕಾರ್ಯ ನಡೆಯಿತು. ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿದ್ದಾಗ, ೧೮೯೯ರಲ್ಲಿ, ಹೆಬ್ಬಾಳದಲ್ಲಿ ೩೦ ಎಕರೆ ಭೂಮಿಯನ್ನು ಪ್ರಯೋಗಕ್ಕೆಂದು ದಾನ ಮಾಡಿದರು. ಲೇಮನ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಅಲ್ಲಿ ಮಣ್ಣಿನ ಪರೀಕ್ಷೆ ಆರಂಭವಾಯಿತು. ಬೆಂಗಳೂರಿನ ವ್ಯವಸಾಯ ವಿಶ್ವವಿದ್ಯಾನಿಲಯದ ಮೂಲ ಇದೇ. ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡ್ ಕಾಂಪೋಸ್ಟಿನ ವಿಧಾನವೊಂದನ್ನು ರೂಪಿಸಿದ ಮೇಲೆ, ೧೯೩೯ರಲ್ಲಿ ಸಿ. ಎನ್. ಆಚಾರ್ಯ ಅವರು ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ತುಂಬಿ ಮುಚ್ಚಿ ಕೊಳೆಸುವ ವಿಧಾನವನ್ನು ಬಳಕೆಗೆ ತಂದರು. ಅದು ‘ಬೆಂಗಳೂರು ವಿಧಾನ’ ಎಂಬ ಹೆಸರಿನಿಂದ ಪಠ್ಯಪುಸ್ತಕಗಳನ್ನು ಸೇರಿದೆ.

ಇದರ ಜೊತೆಜೊತೆಗೆ ಕಾರ್ಖಾನೆಯ ಗೊಬ್ಬರದ ಯುಗವೂ ಬೆಳೆಯಿತು. ೧೯೦೬ರಲ್ಲಿ ರಾಣಿಪೇಟೆಯಲ್ಲಿ ಸೂಪರ್ ಫಾಸ್ಫೇಟಿನ ಕಾರ್ಖಾನೆ ಸ್ಥಾಪಿತವಾಯಿತು. ಸ್ವಾತಂತ್ರ್ಯಾನಂತರ, ಅದರಲ್ಲಿಯೂ ೧೯೬೦ರ ದಶಕದ ಕೊನೆಯಿಂದ, ಯೂರಿಯಾ ಹಳ್ಳಿಹಳ್ಳಿಗೆ ತಲುಪಿತು. ಅದು ದೇಶದ ಹಸಿವನ್ನು ತಣಿಸಿದುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ೧೯೯೨ರಲ್ಲಿ ರಂಜಕ, ಪೊಟಾಷ್ ಗೊಬ್ಬರಗಳ ಮೇಲಣ ಬೆಲೆಯ ಹತೋಟಿ ತೆಗೆದು ಯೂರಿಯಾವನ್ನು ಮಾತ್ರ ಅಗ್ಗವಾಗಿ ಉಳಿಸಿದುದರಿಂದ ತಕ್ಕಡಿ ಒಂದೇ ಕಡೆಗೆ ವಾಲಿತು. ರೈತನು ಅಜ್ಞಾನದಿಂದ ಯೂರಿಯಾವನ್ನೇ ಸುರಿದನೆನ್ನುವುದು ಸುಲಭ. ಬೆಲೆಯ ಪಟ್ಟಿಯೇ ಅವನಿಗೆ ಹಾಗೆ ಬೋಧಿಸಿತೆಂಬುದು ನಿಜ. ಪೈರು ಬಳಸದೆ ಉಳಿದ ಸಾರಜನಕದ ಒಂದು ಅಂಶ ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗಿ ಗಾಳಿಗೇರುತ್ತದೆ. ಲೋಕವನ್ನು ಬಿಸಿಮಾಡುವ ಶಕ್ತಿಯಲ್ಲಿ ಅದು ಇಂಗಾಲಾಮ್ಲದ ಸುಮಾರು ೨೭೦ ಪಟ್ಟು. ಆದ್ದರಿಂದ ಅತಿಯಾಗಿ ಸುರಿದರೆ ಮಣ್ಣಿನಲ್ಲಿ ಗಳಿಸಿದ ಪುಣ್ಯ ಗಾಳಿಯಲ್ಲಿ ಕಳೆದುಹೋಗುತ್ತದೆ.

೧೯೭೦ರಲ್ಲಿ ಅಖಿಲ ಭಾರತ ಒಣಬೇಸಾಯ ಸಂಶೋಧನಾ ಯೋಜನೆ ಪ್ರಾರಂಭವಾಯಿತು. ಅದರ ಅಂಗವಾಗಿ ೧೯೭೮ರಲ್ಲಿ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ರಾಗಿಯ ಮೇಲೆ ದೀರ್ಘಕಾಲದ ಪರೀಕ್ಷೆ ಮೊದಲಾಯಿತು. ಬರಿಯ ರಾಸಾಯನಿಕ ಗೊಬ್ಬರದ ತಾಕಿನಲ್ಲಿ ಇಳುವರಿ ವರುಷಗಳು ಕಳೆದಂತೆ ಕುಗ್ಗಿತು. ಹೆಕ್ಟೇರಿಗೆ ೧೦ ಟನ್ನು ಕೊಟ್ಟಿಗೆ ಗೊಬ್ಬರವನ್ನೂ ಶಿಫಾರಸಿನ ರಾಸಾಯನಿಕ ಗೊಬ್ಬರವನ್ನೂ ಕೂಡಿಸಿ ಕೊಟ್ಟ ತಾಕು ಎಲ್ಲಕ್ಕಿಂತ ಹೆಚ್ಚು ಬೆಳೆಯಿತು, ಬರದ ವರುಷದಲ್ಲಿಯೂ ಹೆಚ್ಚು ಸ್ಥಿರವಾಗಿ ನಿಂತಿತು. ಹೈದರಾಬಾದಿನ ಬಳಿಯ ಪಟಂಚೆರುವಿನಲ್ಲಿ ಇಕ್ರಿಸಾಟ್ ಸಂಸ್ಥೆ ೧೯೭೬ರಲ್ಲಿ ಎರೆಮಣ್ಣಿನ ಎರಡು ಜಲಾನಯನಗಳನ್ನು ಹೋಲಿಸತೊಡಗಿತು. ಒಂದರಲ್ಲಿ ರೂಢಿಯ ಬೇಸಾಯ. ಇನ್ನೊಂದರಲ್ಲಿ ನೀರು ನಿಲ್ಲದಂತೆ ಏರುಮಡಿ, ಜೋಳದೊಡನೆ ತೊಗರಿಯಂತಹ ದ್ವಿದಳದ ಜೊತೆಬೆಳೆ, ಮಿತವಾದ ಗೊಬ್ಬರ. ೨೪ ವರ್ಷಗಳ ಕೊನೆಗೆ ೧೨೦ ಸೆಂಟಿಮೀಟರು ಆಳದವರೆಗೆ ಅಳೆದಾಗ ಎರಡನೆಯದರಲ್ಲಿ ಹೆಕ್ಟೇರಿಗೆ ೭.೩ ಟನ್ನು ಇಂಗಾಲ ಹೆಚ್ಚಾಗಿದ್ದಿತು. ಧಾನ್ಯದ ಸರಾಸರಿ ಮೊದಲನೆಯದರಲ್ಲಿ ಹೆಕ್ಟೇರಿಗೆ ೦.೯ ಟನ್ನು, ಎರಡನೆಯದರಲ್ಲಿ ೪.೭ ಟನ್ನು. ಮಣ್ಣಿಗೆ ಇಂಗಾಲ ತುಂಬುವುದೂ ಕಣಜಕ್ಕೆ ಕಾಳು ತುಂಬುವುದೂ ಒಂದೇ ದಾರಿಯ ಎರಡು ಹೆಜ್ಜೆಗಳೆಂಬುದು ಇದರಿಂದ ಸಿದ್ಧವಾಗುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಹ್ಯೂಮಸ್ ಬರಿಯ ಇಂಗಾಲವಲ್ಲ. ಗೋಡೆಗೆ ಇಟ್ಟಿಗೆಯ ಜೊತೆಗೆ ಗಾರೆ ಬೇಕಾದಂತೆ, ಒಂದು ಟನ್ನು ಇಂಗಾಲ ಹ್ಯೂಮಸ್ಸಾಗಿ ನೆಲೆಗೊಳ್ಳಲು ಸುಮಾರು ೮೩ ಕಿಲೋ ಸಾರಜನಕ, ೨೦ ಕಿಲೋ ರಂಜಕ, ೧೪ ಕಿಲೋ ಗಂಧಕ ಬೇಕು. ಒಂದು ಹೆಕ್ಟೇರಿನ ೧೫ ಸೆಂಟಿಮೀಟರು ಆಳದ ಮೇಲ್ಮಣ್ಣು ಸುಮಾರು ೨೨ ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ ಇಂಗಾಲವನ್ನು ನೂರಕ್ಕೆ ೦.೪ ರಿಂದ ೦.೫ಕ್ಕೆ ಏರಿಸಬೇಕಾದರೆ ೨,೨೦೦ ಕಿಲೋ ಇಂಗಾಲ ಉಳಿಯಬೇಕು. ಅದಕ್ಕೆ ಜೊತೆಯಾಗಿ ಸುಮಾರು ೧೮೦ ಕಿಲೋ ಸಾರಜನಕ, ೪೪ ಕಿಲೋ ರಂಜಕ, ೩೧ ಕಿಲೋ ಗಂಧಕ ಬೇಕಾಗುತ್ತವೆ. ಬರಿಯ ಒಣಹುಲ್ಲನ್ನು ಮಣ್ಣಿಗೆ ಸೇರಿಸಿದರೆ ಇಟ್ಟಿಗೆ ಬಂದು ಗಾರೆ ಬಾರದಂತಾಗುತ್ತದೆ. ಜೀವಾಣುಗಳು ಗಾರೆಗಾಗಿ ಪೈರಿನ ಪಾಲನ್ನೇ ಕಸಿದುಕೊಳ್ಳುತ್ತವೆ. ಬರಿಯ ಯೂರಿಯಾವನ್ನು ಸುರಿದರೆ ಇಟ್ಟಿಗೆಯಿಲ್ಲದೆ ಗಾರೆ ಕಲಸಿದಂತಾಗುತ್ತದೆ. ಪೋಷಕಾಂಶಗಳ ಸಮತೂಕವಿಲ್ಲದೆ ಇಂಗಾಲದ ಸಂಚಯವಿಲ್ಲವೆಂಬ ಮಾತಿನ ತಿರುಳು ಇದೇ.

ಯಾವ ಗಾರೆ ಕೊರತೆಯಾಗಿದೆಯೆಂಬುದು ಮಣ್ಣಿನ ಪರೀಕ್ಷೆಯಿಂದಲೇ ತಿಳಿಯಬೇಕು. ೧೯೩೪ರಲ್ಲಿ ವಾಕ್ಲಿ ಮತ್ತು ಬ್ಲ್ಯಾಕ್ ಎಂಬವರು ಪ್ರಕಟಿಸಿದ ಡೈಕ್ರೋಮೇಟ್ ವಿಧಾನದಿಂದ ಇಂದಿಗೂ ಪ್ರಯೋಗಶಾಲೆಗಳಲ್ಲಿ ಸಾವಯವ ಇಂಗಾಲವನ್ನು ಅಳೆಯುತ್ತಾರೆ. ಕರ್ನಾಟಕ ಸರ್ಕಾರವು ಇಕ್ರಿಸಾಟ್ ಸಂಸ್ಥೆಯೊಡನೆ ೨೦೦೯ರಲ್ಲಿ ಆರಂಭಿಸಿದ ‘ಭೂಚೇತನ’ ಯೋಜನೆಯಲ್ಲಿ ಸಾವಿರಾರು ಹೊಲಗಳ ಮಣ್ಣನ್ನು ಪರೀಕ್ಷಿಸಿದಾಗ, ಗಂಧಕ, ಸತು, ಬೋರಾನ್‌ಗಳ ಕೊರತೆ ವ್ಯಾಪಕವಾಗಿರುವುದು ಗೊತ್ತಾಯಿತು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಇವುಗಳನ್ನು ಸ್ವಲ್ಪಸ್ವಲ್ಪ ಕೊಟ್ಟುದರಿಂದಲೇ ಮಳೆಯಾಶ್ರಿತ ಬೆಳೆಗಳ ಇಳುವರಿ ಏರಿತು. ೨೦೧೫ರಲ್ಲಿ ಕೇಂದ್ರ ಸರ್ಕಾರ ಮಣ್ಣಿನ ಆರೋಗ್ಯ ಪತ್ರದ ಯೋಜನೆಯನ್ನು ದೇಶಕ್ಕೆಲ್ಲ ವಿಸ್ತರಿಸಿತು. ನಮ್ಮ ಸುಣ್ಣದ ಮಣ್ಣಿನಲ್ಲಿ ರಂಜಕವೂ ಸತುವೂ ಕಟ್ಟುಬಿದ್ದು ಪೈರಿಗೆ ಸಿಕ್ಕದಂತಾಗುವುದುಂಟು; ಸಾವಯವ ಗೊಬ್ಬರ ಆ ಕಟ್ಟನ್ನು ಸಡಿಲಿಸುತ್ತದೆ. ಆದ್ದರಿಂದ ಪಲ್ಲಡದಲ್ಲಿ ಚೀಲದ ಗೊಬ್ಬರಕ್ಕೂ ಬುಟ್ಟಿಯ ಗೊಬ್ಬರಕ್ಕೂ ಜಗಳವಿಲ್ಲ, ನಂಟು ಬೇಕು.

ಈಗ ಇಂದಿನ ಸ್ಥಿತಿಯನ್ನು ನೋಡೋಣ. ಹೆಕ್ಟೇರಿಗೆ ೧೦ ಟನ್ನು ಕೊಟ್ಟಿಗೆ ಗೊಬ್ಬರವೆಂದು ಪುಸ್ತಕ ಹೇಳುತ್ತದೆ; ಕೊಟ್ಟಿಗೆಯಲ್ಲಿ ದನವೇ ಇಲ್ಲದಿದ್ದರೆ ಗೊಬ್ಬರವೆಲ್ಲಿಂದ ಬರಬೇಕು? ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ. ತಿರುಪ್ಪೂರಿನ ಹೆಣಿಗೆಯ ಕಾರ್ಖಾನೆಗಳೂ ಪಲ್ಲಡದ ಮಗ್ಗಗಳೂ ಮನೆಯ ಮಕ್ಕಳನ್ನು ಕರೆದುಕೊಂಡಿವೆ. ಅನೇಕ ಹೊಲಗಳು ಬೀಳುಬಿದ್ದಿವೆ, ಕೆಲವು ನಿವೇಶನಗಳಾಗಿವೆ. ಆಂಧ್ರಪ್ರದೇಶದ ಅನಂತಪುರದ ಕೆಮ್ಮಣ್ಣಿನಲ್ಲಿ ನಡೆದ ದೀರ್ಘಕಾಲದ ಕಡಲೆಕಾಯಿ ಪರೀಕ್ಷೆಯಂತೆ, ಮಣ್ಣಿನ ಇಂಗಾಲ ಇದ್ದಷ್ಟರಲ್ಲೇ ಇಳಿಯದೆ ನಿಲ್ಲಬೇಕಾದರೂ ವರ್ಷಕ್ಕೆ ಹೆಕ್ಟೇರಿಗೆ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು ಇಂಗಾಲವನ್ನು ಸೇರಿಸಲೇಬೇಕು. ಬೆಳೆಸುವುದಿರಲಿ, ಉಳಿಸುವುದಕ್ಕೇ ಇಷ್ಟು ಬೇಕು. ಈ ಮಾತನ್ನು ಮನಸ್ಸಿನಲ್ಲಿಟ್ಟರೆ ನಮ್ಮ ಹೊಲಗಳು ಎಂತಹ ಅಂಚಿನಲ್ಲಿ ನಿಂತಿವೆಯೆಂಬುದು ಅರಿವಾಗುತ್ತದೆ.

ಆದರೂ ಪಲ್ಲಡಕ್ಕೆ ಒಂದು ಹೊಸ ಅನುಕೂಲವುಂಟು. ಮಾಂಸದ ಕೋಳಿ ಸಾಕಣೆಗೆ ಈ ಊರು ದೇಶದಲ್ಲಿಯೇ ಹೆಸರಾಗಿದೆ. ಕೋಳಿಮನೆಯ ನೆಲಕ್ಕೆ ಹಾಸುವ ತೆಂಗಿನ ನಾರಿನ ಪುಡಿ ಹಿಕ್ಕೆಯೊಡನೆ ಬೆರೆತು ಗೊಬ್ಬರವಾಗುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಸುಮಾರು ಅರ್ಧ ಭಾಗವಾದರೆ, ಕೋಳಿ ಗೊಬ್ಬರದಲ್ಲಿ ಎರಡು ಮೂರು ಭಾಗ, ರಂಜಕವೂ ಹೆಚ್ಚು. ಇಟ್ಟಿಗೆಯೂ ಗಾರೆಯೂ ಇಲ್ಲಿ ಒಟ್ಟಿಗೇ ದೊರೆಯುತ್ತವೆ. ಇದನ್ನು ಹಸಿಯಾಗಿ ಹಾಕಿದರೆ ಒಣಹೊಲದ ಎಳೆಯ ಪೈರು ಸುಟ್ಟುಹೋಗುತ್ತದೆ, ನೊಣಗಳ ಕಾಟವೂ ಸೇರುತ್ತದೆ. ಬೇಸಿಗೆಯಲ್ಲಿಯೇ ಗುಂಡಿಯಲ್ಲಿಟ್ಟು, ಹೊಲದ ಕಸಕಡ್ಡಿ ಬೆರೆಸಿ, ನೀರು ಚಿಮುಕಿಸಿ, ಮಣ್ಣು ಮುಚ್ಚಿ ಮಾಗಿಸಿ, ಹಿಂಗಾರಿನ ಬಿತ್ತನೆಗೆ ಮೊದಲು ಮಿತವಾಗಿ ಸೇರಿಸಬೇಕು. ಇದು ಹೊರಗಿನ ತೋಟಗಳಿಗೆ ಲಾರಿಯಲ್ಲಿ ಹೋಗಿ, ಪಕ್ಕದ ಒಣಹೊಲ ಬರಿದಾಗಿ ನಿಂತರೆ, ದೀಪದ ಬುಡದಲ್ಲೇ ಕತ್ತಲೆಯೆಂಬ ಗಾದೆ ನಿಜವಾಗುತ್ತದೆ.

೨೦೧೫ರ ಡಿಸೆಂಬರಿನಲ್ಲಿ ಪ್ಯಾರಿಸಿನ ಹವಾಮಾನ ಸಮ್ಮೇಳನದ ಸಂದರ್ಭದಲ್ಲಿ, ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕು ಭಾಗದಂತೆ ಹೆಚ್ಚಿಸುವ ಸಂಕಲ್ಪವನ್ನು ಫ್ರಾನ್ಸ್ ದೇಶ ಮುಂದಿಟ್ಟಿತು. ಮಣ್ಣಿನ ಇಂಗಾಲಕ್ಕಾಗಿ ಬಾಳನ್ನು ಮೀಸಲಿಟ್ಟ ಭಾರತ ಸಂಜಾತ ವಿಜ್ಞಾನಿ ರತನ್ ಲಾಲ್ ಅವರಿಗೆ ೨೦೨೦ರಲ್ಲಿ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು. ಇಂಗಾಲವನ್ನು ಕೂಡಿಟ್ಟ ರೈತನಿಗೆ ಹಣ ಕೊಡುವೆವೆಂಬ ಮಾತೂ ಈಗ ಕೇಳಿಬರುತ್ತಿದೆ. ಒಳ್ಳೆಯದೇ. ಆದರೆ ಪಟಂಚೆರುವಿನ ಲೆಕ್ಕವನ್ನು ಹಿಡಿದರೆ ವರ್ಷಕ್ಕೆ ಹೆಕ್ಟೇರಿಗೆ ಉಳಿಯುವುದು ೩೦೦ ಕಿಲೋ ಇಂಗಾಲ, ಅಂದರೆ ಸುಮಾರು ೧.೧ ಟನ್ನು ಇಂಗಾಲಾಮ್ಲ. ಎರಡು ಎಕರೆಯ ರೈತನಿಗೆ ಇದರಿಂದ ಬರುವ ಹಣ ಅಲ್ಪವೇ. ಅಲ್ಲದೆ ಈ ಪದ್ಧತಿಯನ್ನು ನಿಲ್ಲಿಸಿದರೆ ಕೂಡಿಟ್ಟುದು ಮತ್ತೆ ಗಾಳಿಗೆ ಸೇರುತ್ತದೆ. ನಿಜವಾದ ಲಾಭ ಬೇರೆ: ಒಂದು ಹದಮಳೆ ತಪ್ಪಿದಾಗ ಇನ್ನಷ್ಟು ತಡೆಯುವ ಪೈರು, ಬೀಳುಬೀಳದೆ ಉಳಿಯುವ ಹೊಲ. ಇದನ್ನು ಬಿಟ್ಟು ಹಣದ ಆಸೆಯನ್ನೇ ದೊಡ್ಡದಾಗಿ ತೋರಿಸುವವರ ಮಾತನ್ನು ತೂಗಿ ನೋಡುವುದು ಒಳಿತು.

ಉಪಾಧ್ಯಾಯ ಬಂಧುಗಳಲ್ಲಿ ಕೊನೆಯದಾಗಿ ಒಂದು ಬಿನ್ನಹ. ಕೊಯಮತ್ತೂರಿನ ಹಳೆಯ ತಾಕುಗಳು ಒಬ್ಬರ ಕೆಲಸವಲ್ಲ. ಹೂಡಿದವರು ತೀರಿಕೊಂಡ ಮೇಲೆ ಮುಂದಿನವರು, ಅವರ ನಂತರ ಇನ್ನೊಬ್ಬರು, ಹೀಗೆ ತಲೆಮಾರಿನಿಂದ ತಲೆಮಾರಿಗೆ ಅದೇ ಲೆಕ್ಕವನ್ನು ಬರೆದುಕೊಂಡು ಬಂದುದರಿಂದಲೇ ನಮಗೆ ಸತ್ಯ ತಿಳಿಯಿತು. ಶಾಲೆಯ ಹಿತ್ತಲಿನಲ್ಲಿ ನಾಲ್ಕು ಸಣ್ಣ ತಾಕುಗಳನ್ನು ಮಾಡಿರಿ. ಒಂದಕ್ಕೆ ಏನೂ ಬೇಡ, ಒಂದಕ್ಕೆ ಮಾಗಿದ ಗೊಬ್ಬರ, ಒಂದಕ್ಕೆ ಪರೀಕ್ಷೆಯಂತೆ ಚೀಲದ ಗೊಬ್ಬರ, ಒಂದಕ್ಕೆ ಎರಡೂ. ಹುರುಳಿಯನ್ನೋ ಜೋಳವನ್ನೋ ಬಿತ್ತಿ, ಇಳುವರಿಯನ್ನು ತೂಗಿ, ಕನ್ನಡದಲ್ಲಿ ಒಂದು ಪುಸ್ತಕದಲ್ಲಿ ಮಕ್ಕಳಿಂದಲೇ ಬರೆಯಿಸಿರಿ. ಮುಂದಿನ ವರ್ಷ ಬರುವ ಮಕ್ಕಳು ಅದೇ ಪುಸ್ತಕದ ಮುಂದಿನ ಪುಟವನ್ನು ತುಂಬಲಿ. ಮಣ್ಣಿನ ಸಾರ ಒಂದು ವರ್ಷದಲ್ಲಿ ಏರುವುದಿಲ್ಲ. ಹತ್ತು ವರ್ಷಗಳ ಪುಟಗಳನ್ನು ತಿರುವಿದಾಗ ಕಾಣುತ್ತದೆ.